ಡಿಸ್ಕ್ ಕ್ಲೋನ್ ಆಯಿತು, ಕಂಪ್ಯೂಟರ್ ಏಕೆ ಬೂಟ್ ಆಗಲಿಲ್ಲ?

ಹಳೆಯ ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಯಾರನ್ನು ಕೇಳಿದರೂ ಈಗ ಸಿಗುವ ಸಲಹೆ ಒಂದೇ: ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಸಲಹೆ ಸರಿಯಾದದ್ದೇ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೂ ಚಿಪ್‌ಗಳಿಂದಾದ ಎಸ್‌ಎಸ್‌ಡಿಗೂ ವೇಗದಲ್ಲಿ ಅಜಗಜಾಂತರವಿದೆ. ಇದೊಂದು ಬದಲಾವಣೆಯಿಂದ ಹತ್ತು ವರ್ಷ ಹಳೆಯ ಯಂತ್ರವೂ ಇನ್ನಷ್ಟು ಕಾಲ ದುಡಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಗಳಿಂದ ತಾಲ್ಲೂಕು ಪೇಟೆಯ ಕಂಪ್ಯೂಟರ್ ಅಂಗಡಿಯವರೆಗೆ ದಿನವೂ ನಡೆಯುವ ಕೆಲಸವಿದು. ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಹೊಸದಕ್ಕೆ ಯಥಾವತ್ ಇಳಿಸುವುದಕ್ಕೆ ‘ಕ್ಲೋನ್’ ಮಾಡುವುದು ಎನ್ನುತ್ತಾರೆ. ವಿಂಡೋಸ್ ಮತ್ತೆ ಹಾಕಬೇಕಿಲ್ಲ, ತಂತ್ರಾಂಶಗಳನ್ನು ಒಂದೊಂದಾಗಿ ಹುಡುಕಿ ತರಬೇಕಿಲ್ಲ, ಮೇಜಿನ ಮೇಲಿದ್ದ ಕಡತ ಮೇಜಿನ ಮೇಲೆಯೇ ಉಳಿಯುತ್ತದೆ.

ಇಷ್ಟು ಅನುಕೂಲದ ಕೆಲಸ ಎಷ್ಟೋ ಸಲ ಕೊನೆಯ ಹೆಜ್ಜೆಯಲ್ಲಿ ಕೈಕೊಡುತ್ತದೆ. ಹೊಸ ಡಿಸ್ಕಿನಲ್ಲಿ ಫೋಟೊಗಳಿವೆ, ಲೆಕ್ಕಪತ್ರಗಳಿವೆ, ವಿಂಡೋಸ್ ಎಂಬ ಫೋಲ್ಡರ್ ಕೂಡ ಪೂರ್ತಿಯಾಗಿ ಬಂದಿದೆ. ಆದರೆ ಪವರ್ ಬಟನ್ ಒತ್ತಿದರೆ ಕಪ್ಪು ಪರದೆ, ಅದರ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಒಂದು ಸಾಲು. ಡಿಸ್ಕ್ ಕೆಟ್ಟಿಲ್ಲ, ಮಾಹಿತಿ ಕಳೆದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಬಿಟ್ಟುಹೋಗಿರುವುದು ಅಥವಾ ತಪ್ಪಾಗಿ ಬಂದಿರುವುದು ಬೂಟ್ ಪಾರ್ಟಿಷನ್ ಎಂಬ ಸುಮಾರು 100 ಎಂಬಿಯ ಒಂದು ತುಣುಕು. 500 ಜಿಬಿ ಡಿಸ್ಕಿನಲ್ಲಿ ಅದು ಐದು ಸಾವಿರದಲ್ಲಿ ಒಂದು ಪಾಲು. ಉಳಿದೆಲ್ಲ ಪಾಲು ಸರಿಯಿದ್ದೂ ಈ ಒಂದು ಪಾಲು ಇಲ್ಲದಿದ್ದರೆ ಯಂತ್ರ ಮೇಲೇಳುವುದಿಲ್ಲ.

ಕಾಣದ ಪಾರ್ಟಿಷನ್‌ಗಳು

ಈ ತುಣುಕು ಬಿಟ್ಟುಹೋಗುವುದಕ್ಕೆ ಮೊದಲ ಕಾರಣ ಅದು ಕಣ್ಣಿಗೆ ಬೀಳದಿರುವುದು. ಫೈಲ್ ಎಕ್ಸ್‌ಪ್ಲೋರರ್ ನಮಗೆ ತೋರಿಸುವುದು ಸಿ, ಡಿ ಎಂದು ಅಕ್ಷರ ಹೊತ್ತ ಡ್ರೈವ್‌ಗಳನ್ನು ಮಾತ್ರ. ಹಾಗಾಗಿ ಸಿ ಡ್ರೈವ್ ಎಂದರೆ ಇಡೀ ಕಂಪ್ಯೂಟರ್ ಎಂಬ ಭಾವನೆ ಬಲವಾಗಿ ಕೂತಿದೆ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದರೆ ನಿಜಸ್ಥಿತಿ ಗೊತ್ತಾಗುತ್ತದೆ.

ಈಗಿನ ವಿಂಡೋಸ್ ಯಂತ್ರವೊಂದರಲ್ಲಿ ಸಾಮಾನ್ಯವಾಗಿ ನಾಲ್ಕು ಪಾರ್ಟಿಷನ್‌ಗಳಿರುತ್ತವೆ. ಮೊದಲನೆಯದು ‘ಇಎಫ್‌ಐ ಸಿಸ್ಟಮ್ ಪಾರ್ಟಿಷನ್’. ವಿಂಡೋಸ್ ತಾನಾಗಿ ಮಾಡಿಕೊಂಡಿದ್ದರೆ ಹೆಚ್ಚಾಗಿ 100 ಎಂಬಿ, ಲ್ಯಾಪ್‌ಟಾಪ್ ಕಂಪನಿಯೇ ಸಿದ್ಧಮಾಡಿ ಕೊಟ್ಟಿದ್ದರೆ 260 ಎಂಬಿ ಅಥವಾ ಅದಕ್ಕೂ ಹೆಚ್ಚು. ಎರಡನೆಯದು ಮೈಕ್ರೋಸಾಫ್ಟ್ ತನಗಾಗಿ ಕಾದಿರಿಸಿಕೊಂಡ 16 ಎಂಬಿಯ ಜಾಗ, ಇದು ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯಲ್ಲೂ ಕಾಣುವುದಿಲ್ಲ. ಮೂರನೆಯದು ನಮಗೆಲ್ಲ ಪರಿಚಿತವಾದ ಸಿ ಡ್ರೈವ್. ನಾಲ್ಕನೆಯದು ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾದ ಸಲಕರಣೆಗಳಿರುವ ರಿಕವರಿ ಪಾರ್ಟಿಷನ್. ವಿಂಡೋಸ್ 7ರ ಕಾಲದ ಯಂತ್ರವಾದರೆ ಇಎಫ್‌ಐ ಪಾರ್ಟಿಷನ್ ಬದಲು ‘ಸಿಸ್ಟಮ್ ರಿಸರ್ವ್ಡ್’ ಎಂಬ 100 ಎಂಬಿಯ ಪಾರ್ಟಿಷನ್ ಇರುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ಪರದೆಯಲ್ಲಿ ಸಿ ಡ್ರೈವಿನ ಕೆಳಗೆ ‘ಬೂಟ್’ ಎಂದು ಬರೆದಿರುತ್ತದೆ. ಅದನ್ನು ನೋಡಿ ಬೂಟ್ ಪಾರ್ಟಿಷನ್ ಇದೇ ಎಂದುಕೊಳ್ಳಬೇಡಿ. ಯಂತ್ರವನ್ನು ಎಬ್ಬಿಸುವ ಕಡತಗಳಿರುವುದು ‘ಸಿಸ್ಟಮ್’ ಎಂಬ ಗುರುತಿರುವ ಚಿಕ್ಕ ಪಾರ್ಟಿಷನ್‌ನಲ್ಲಿ.

ಪವರ್ ಬಟನ್ ಒತ್ತಿದ ಮೇಲೆ

ಈ ಚಿಕ್ಕ ಪಾರ್ಟಿಷನ್ ಮಾಡುವ ಕೆಲಸ ತಿಳಿದರೆ ಉಳಿದದ್ದು ಸಲೀಸು. ವಿದ್ಯುತ್ ಹರಿದಾಗ ಮೊದಲು ಕೆಲಸ ಶುರುಮಾಡುವುದು ಮದರ್‌ಬೋರ್ಡಿನ ಚಿಪ್ ಒಂದರಲ್ಲಿರುವ ಫರ್ಮ್‌ವೇರ್. ಇಂದಿನ ಯಂತ್ರಗಳಲ್ಲಿ ಇದರ ಹೆಸರು ಯುಇಎಫ್‌ಐ. ಅದಕ್ಕೆ ವಿಂಡೋಸ್ ಗೊತ್ತಿಲ್ಲ, ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಓದಲೂ ಸಾಮಾನ್ಯವಾಗಿ ಬರುವುದಿಲ್ಲ. ಅದು ಖಚಿತವಾಗಿ ಓದಬಲ್ಲದ್ದು ಪೆನ್ ಡ್ರೈವ್‌ಗಳಲ್ಲಿ ನಾವು ಕಾಣುವ ಹಳೆಯ, ಸರಳ ಫ್ಯಾಟ್ ವ್ಯವಸ್ಥೆಯನ್ನು. ಆದ್ದರಿಂದಲೇ ಇಎಫ್‌ಐ ಪಾರ್ಟಿಷನ್ ಫ್ಯಾಟ್32 ರೂಪದಲ್ಲಿರುತ್ತದೆ.

ಯಾವ ಡಿಸ್ಕಿನ ಯಾವ ಪಾರ್ಟಿಷನ್‌ನಲ್ಲಿ ಯಾವ ಕಡತವನ್ನು ತೆರೆಯಬೇಕು ಎಂಬ ಪಟ್ಟಿಯೊಂದು ಮದರ್‌ಬೋರ್ಡಿನ ಸ್ಮರಣೆಯಲ್ಲಿರುತ್ತದೆ. ಪಟ್ಟಿಯ ಪ್ರಕಾರ ಫರ್ಮ್‌ವೇರ್ ಇಎಫ್‌ಐ ಪಾರ್ಟಿಷನ್ನಿಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರ್ ಎಂಬ ಪುಟ್ಟ ಪ್ರೋಗ್ರಾಮನ್ನು ಓಡಿಸುತ್ತದೆ. ಬೂಟ್ ಮ್ಯಾನೇಜರ್ ಪಕ್ಕದಲ್ಲೇ ಇರುವ ಬಿಸಿಡಿ ಎಂಬ ಕಡತವನ್ನು ಓದಿ ವಿಂಡೋಸ್ ಯಾವ ಪಾರ್ಟಿಷನ್‌ನಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ಆಮೇಲಷ್ಟೇ ಸಿ ಡ್ರೈವಿನ ಸರದಿ. ಅಲ್ಲಿರುವ ಲೋಡರ್ ವಿಂಡೋಸ್‌ನ ತಿರುಳನ್ನು ಸ್ಮರಣೆಗೆ ತುಂಬುತ್ತದೆ, ಪರದೆಯ ಮೇಲೆ ಚುಕ್ಕೆಗಳು ತಿರುಗತೊಡಗುತ್ತವೆ.

ಇಲ್ಲಿ ಗಮನಿಸಬೇಕಾದ ವಿಷಯ ಎರಡು. ಒಂದು, ಮದರ್‌ಬೋರ್ಡಿನ ಪಟ್ಟಿ ಡಿಸ್ಕಿನಲ್ಲಿ ಇರುವುದೇ ಇಲ್ಲ, ಹೀಗಾಗಿ ಯಾವ ಕ್ಲೋನ್ ತಂತ್ರಾಂಶವೂ ಅದನ್ನು ಡಿಸ್ಕಿನ ಜೊತೆ ನಕಲು ಮಾಡಲಾರದು. ಎರಡು, ಆ ಪಟ್ಟಿಯಾಗಲಿ ಬಿಸಿಡಿ ಕಡತವಾಗಲಿ ಪಾರ್ಟಿಷನ್ನನ್ನು ‘ಸಿ’ ಎಂಬ ಅಕ್ಷರದಿಂದ ಗುರುತಿಸುವುದಿಲ್ಲ. ಪ್ರತಿ ಪಾರ್ಟಿಷನ್ನಿಗೂ 128 ಬಿಟ್‌ಗಳ ಉದ್ದನೆಯ ಗುರುತು ಸಂಖ್ಯೆಯೊಂದಿರುತ್ತದೆ, ಅದರಿಂದ ಗುರುತಿಸುತ್ತವೆ. ನಕಲು ಮಾಡುವಾಗ ಆ ಸಂಖ್ಯೆ ಬದಲಾದರೆ ಕಡತಗಳೆಲ್ಲ ಇದ್ದರೂ ಕೊಂಡಿ ತಪ್ಪುತ್ತದೆ.

1983ರ 512 ಬೈಟ್‌ಗಳು

ಹಳೆಯ ಯಂತ್ರಗಳ ರೀತಿ ಬೇರೆ. ಐಬಿಎಂ ಕಂಪನಿ 1983ರಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್ ಸಹಿತ ‘ಪಿಸಿ ಎಕ್ಸ್‌ಟಿ’ಯನ್ನು ಮಾರುಕಟ್ಟೆಗೆ ತಂದಾಗ ಅದರೊಂದಿಗೆ ಬಂದ ಡಾಸ್ 2.0 ಡಿಸ್ಕನ್ನು ಪಾಲು ಮಾಡುವ ಏರ್ಪಾಡೊಂದನ್ನು ತಂದಿತು. ಅದೇ ಮಾಸ್ಟರ್ ಬೂಟ್ ರೆಕಾರ್ಡ್, ಅಂದರೆ ಎಂಬಿಆರ್. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್, ಬರೀ 512 ಬೈಟ್. ಅದರಲ್ಲಿ ಮೊದಲ 446 ಬೈಟ್ ಬೂಟ್ ಮಾಡುವ ಪುಟಾಣಿ ಪ್ರೋಗ್ರಾಮಿಗೆ, 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ವಿವರಕ್ಕೆ, ಕೊನೆಯ 2 ಬೈಟ್ ಮುದ್ರೆಗೆ. ಪಾರ್ಟಿಷನ್‌ಗಳ ಈ ಪಟ್ಟಿ ಜಮೀನಿನ ಹದ್ದುಬಸ್ತು ನಕ್ಷೆ ಇದ್ದಂತೆ. ನಕ್ಷೆ ಹೋದರೆ ನೆಲ ಎಲ್ಲೂ ಹೋಗದು, ಆದರೆ ಯಾವ ಗಡಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳುವವರಿರುವುದಿಲ್ಲ.

ಎಂಬಿಆರ್ ಯಾವ ಪಾರ್ಟಿಷನ್ನಿನ ಒಳಗೂ ಇಲ್ಲ, ಎಲ್ಲ ಪಾರ್ಟಿಷನ್‌ಗಳಿಗಿಂತ ಮುಂಚೆ ಇದೆ. ಹಾಗಾಗಿ ಹಳೆಯ ಡಿಸ್ಕಿನ ಎಲ್ಲ ಪಾರ್ಟಿಷನ್‌ಗಳನ್ನು ಒಂದೂ ಬಿಡದೆ ನಕಲು ಮಾಡಿದರೂ ಮೊದಲ ಸೆಕ್ಟರ್ ಬಾರದಿದ್ದರೆ ಬೂಟ್ ಆಗುವುದಿಲ್ಲ. ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವೆ ಇರುವ ಖಾಲಿ ಜಾಗವೂ ನಿಜಕ್ಕೆ ಖಾಲಿಯಲ್ಲ. ಲಿನಕ್ಸ್‌ನ ಗ್ರಬ್ ಎಂಬ ಬೂಟ್ ಲೋಡರ್ ಹಳೆಯ ಯಂತ್ರಗಳಲ್ಲಿ ತನ್ನ ಒಂದು ಭಾಗವನ್ನು ಅಲ್ಲೇ ಇಟ್ಟುಕೊಳ್ಳುತ್ತದೆ. ದುಬಾರಿ ತಂತ್ರಾಂಶಗಳ ಪರವಾನಗಿ ಕಾಯುವ ಕೆಲವು ವ್ಯವಸ್ಥೆಗಳೂ ತಮ್ಮ ಗುರುತನ್ನು ಅಲ್ಲಿ ಬರೆದಿಡುತ್ತಿದ್ದವು.

ಎಂಬಿಆರ್‌ಗೆ ಮಿತಿಗಳಿದ್ದವು. 512 ಬೈಟ್ ಸೆಕ್ಟರಿನ ಡಿಸ್ಕಿನಲ್ಲಿ ಸುಮಾರು 2 ಟಿಬಿಗಿಂತ ಮೇಲಿನ ಜಾಗವನ್ನು ಅದು ಎಣಿಸಲಾರದು. ಇಂಟೆಲ್ ಕಂಪನಿ 1990ರ ದಶಕದ ಕೊನೆಗೆ ತನ್ನ ಇಟೇನಿಯಂ ಪ್ರೊಸೆಸರಿಗಾಗಿ ಇಎಫ್‌ಐ ರೂಪಿಸಿತು. 2005ರಲ್ಲಿ ಹಲವು ಕಂಪನಿಗಳು ಸೇರಿ ಯುಇಎಫ್‌ಐ ಫೋರಂ ಕಟ್ಟಿ ಅದನ್ನು ಎಲ್ಲರ ಮಾನಕವಾಗಿಸಿದವು. ಅದರ ಜೊತೆಗೆ ಬಂದದ್ದು ಜಿಪಿಟಿ ಎಂಬ ಹೊಸ ಪಾರ್ಟಿಷನ್ ಪಟ್ಟಿ. ಸಾಮಾನ್ಯವಾಗಿ ಇದರಲ್ಲಿ 128 ಪಾರ್ಟಿಷನ್‌ಗಳಿಗೆ ಜಾಗವಿದೆ. ಅದಕ್ಕಿಂತ ಮುಖ್ಯವಾಗಿ, ಪಟ್ಟಿಯ ಒಂದು ಪ್ರತಿ ಡಿಸ್ಕಿನ ಆರಂಭದಲ್ಲೂ ಇನ್ನೊಂದು ಕಟ್ಟಕಡೆಯಲ್ಲೂ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದರಿಂದ ಸರಿಪಡಿಸಬಹುದು.

ಈ ಒಳ್ಳೆಯ ಏರ್ಪಾಡು ನಕಲಿನ ಹೊತ್ತಿಗೆ ಕೊಂಚ ತೊಡಕಾಗುತ್ತದೆ. 500 ಜಿಬಿ ಡಿಸ್ಕನ್ನು ಸೆಕ್ಟರಿಗೆ ಸೆಕ್ಟರ್ ಎಂಬಂತೆ 1 ಟಿಬಿ ಡಿಸ್ಕಿಗೆ ಇಳಿಸಿದರೆ ಕೊನೆಯಲ್ಲಿರಬೇಕಾದ ಎರಡನೇ ಪ್ರತಿ ನಡುಮಧ್ಯದಲ್ಲಿ ಕೂರುತ್ತದೆ. ಯಂತ್ರ ಬೂಟ್ ಆಗಬಹುದು, ಆದರೆ ರಕ್ಷಣೆಯ ಪ್ರತಿ ಇರಬೇಕಾದ ಕಡೆ ಇರುವುದಿಲ್ಲ. ಜಿಡಿಸ್ಕ್‌ನಂಥ ಸಾಧನದಿಂದ ಅದನ್ನು ಡಿಸ್ಕಿನ ಕೊನೆಗೆ ಸರಿಸಬೇಕು. ಒಳ್ಳೆಯ ಕ್ಲೋನ್ ತಂತ್ರಾಂಶಗಳು ಇದನ್ನು ತಾವಾಗಿ ಮಾಡುತ್ತವೆ.

ಎಲ್ಲೆಲ್ಲಿ ಎಡವುತ್ತೇವೆ

ಸಿ ಡ್ರೈವ್ ಒಂದನ್ನೇ ಆರಿಸಿ ನಕಲು ಮಾಡುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಕ್ಲೋನ್ ತಂತ್ರಾಂಶಗಳಲ್ಲಿ ಪಾರ್ಟಿಷನ್ ನಕಲು, ಡಿಸ್ಕ್ ನಕಲು ಎಂದು ಎರಡು ಆಯ್ಕೆಗಳಿರುತ್ತವೆ. ಯಂತ್ರವನ್ನು ಹೊಸ ಡಿಸ್ಕಿನಿಂದ ನಡೆಸಬೇಕಿದ್ದರೆ ಆರಿಸಬೇಕಾದದ್ದು ಎರಡನೆಯದನ್ನು.

ಎರಡು ಡಿಸ್ಕಿರುವ ಡೆಸ್ಕ್‌ಟಾಪ್‌ಗಳಲ್ಲಿ ತಪ್ಪು ಇನ್ನೂ ಆಳದಲ್ಲಿರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಕಳಚದೆ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿದಾಗ, ಹಾರ್ಡ್ ಡಿಸ್ಕಿನಲ್ಲಿ ಮೊದಲೇ ಇರುವ ಬೂಟ್ ಪಾರ್ಟಿಷನ್ನನ್ನೇ ಇನ್‌ಸ್ಟಾಲರ್ ಬಳಸಿಕೊಳ್ಳುವುದುಂಟು. ವಿಂಡೋಸ್ ಒಂದು ಡಿಸ್ಕಿನಲ್ಲಿ, ಅದನ್ನು ಎಬ್ಬಿಸುವ ಕಡತಗಳು ಇನ್ನೊಂದರಲ್ಲಿ. ವರ್ಷಗಟ್ಟಲೆ ಯಾವ ತೊಂದರೆಯೂ ಕಾಣುವುದಿಲ್ಲ. ಮುಂದೊಂದು ದಿನ ಎಸ್‌ಎಸ್‌ಡಿಯನ್ನು ಮಾತ್ರ ಕ್ಲೋನ್ ಮಾಡಿದರೆ, ಇಲ್ಲವೇ ಹಳೆಯ ಹಾರ್ಡ್ ಡಿಸ್ಕ್ ಸತ್ತರೆ, ಯಂತ್ರ ನಿಲ್ಲುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಸಿಸ್ಟಮ್’ ಗುರುತಿನ ಪಾರ್ಟಿಷನ್ನೂ ಸಿ ಡ್ರೈವೂ ಒಂದೇ ಡಿಸ್ಕಿನಲ್ಲಿವೆಯೇ ಎಂದು ಇವತ್ತೇ ನೋಡಿಕೊಳ್ಳಿ. ಅರ್ಧ ನಿಮಿಷದ ಕೆಲಸವದು.

ಇನ್ನೊಂದು ತೊಡಕು ಅವಳಿ ಡಿಸ್ಕುಗಳದು. ಸರಿಯಾದ ಕ್ಲೋನ್‌ನಲ್ಲಿ ಗುರುತು ಸಂಖ್ಯೆಗಳೂ ಯಥಾವತ್ ಬರುತ್ತವೆ. ಎರಡನ್ನೂ ಒಟ್ಟಿಗೆ ಜೋಡಿಸಿಟ್ಟರೆ ಒಂದೇ ಗುರುತಿನ ಎರಡು ಡಿಸ್ಕುಗಳು ಕಂಡು ವಿಂಡೋಸ್ ಒಂದನ್ನು ‘ಆಫ್‌ಲೈನ್’ ಮಾಡುತ್ತದೆ. ಅದನ್ನು ನೋಡಿ ‘ಆನ್‌ಲೈನ್’ ಒತ್ತಿದಿರೋ, ವಿಂಡೋಸ್ ಆ ಡಿಸ್ಕಿಗೆ ಹೊಸ ಗುರುತು ಬರೆಯುತ್ತದೆ. ಬಿಸಿಡಿ ಕಡತದಲ್ಲಿರುವುದು ಹಳೆಯ ಗುರುತು, ಹಾಗಾಗಿ ಆ ಡಿಸ್ಕ್ ಮುಂದೆ ತಾನಾಗಿ ಬೂಟ್ ಆಗದೇ ಹೋಗಬಹುದು. ಕ್ಲೋನ್ ಮುಗಿದ ಕೂಡಲೇ ಯಂತ್ರ ಆರಿಸಿ ಹಳೆಯ ಡಿಸ್ಕನ್ನು ಕಳಚುವುದೇ ಇದಕ್ಕೆ ದಾರಿ.

ಅಳತೆಯದ್ದೂ ಒಂದು ವಿಷಯವಿದೆ. 500 ಜಿಬಿ ಹಾರ್ಡ್ ಡಿಸ್ಕಿನ ಬದಲಿಗೆ ಅಂಗಡಿಯಲ್ಲಿ ಸಿಗುವ ಎಸ್‌ಎಸ್‌ಡಿ ಅನೇಕ ವೇಳೆ 480 ಜಿಬಿಯದು. ಬಳಸಿದ ಜಾಗ 100 ಜಿಬಿಯಷ್ಟೇ ಇದ್ದರೂ ಡಿಸ್ಕಿನ ಉದ್ದ 20 ಜಿಬಿ ಕಡಿಮೆ, ಕೊನೆಯಲ್ಲಿರುವ ರಿಕವರಿ ಪಾರ್ಟಿಷನ್ನಿಗೆ ಜಾಗವಿರುವುದಿಲ್ಲ. ಮೊದಲೇ ಸಿ ಡ್ರೈವನ್ನು ಕುಗ್ಗಿಸಿ ರಿಕವರಿ ಪಾರ್ಟಿಷನ್ನನ್ನು ಮುಂದಕ್ಕೆ ಸರಿಸಬೇಕು, ಅಥವಾ ಆ ಕೆಲಸವನ್ನೂ ಮಾಡುವ ತಂತ್ರಾಂಶ ಆರಿಸಬೇಕು. ದೊಡ್ಡ ಡಿಸ್ಕಿಗೆ ಹೋದರೆ ತೊಡಕು ತಿರುಗುಮುರುಗು: ಸಿ ಡ್ರೈವಿಗೂ ಹೊಸ ಖಾಲಿ ಜಾಗಕ್ಕೂ ನಡುವೆ ರಿಕವರಿ ಪಾರ್ಟಿಷನ್ ಅಡ್ಡ ಕೂತು ಸಿ ಡ್ರೈವನ್ನು ಹಿಗ್ಗಿಸಲು ಬಿಡುವುದಿಲ್ಲ. ಬೇಸರಪಟ್ಟು ಅದನ್ನು ಅಳಿಸಿಹಾಕುವವರಿದ್ದಾರೆ. ಹಾಗೆ ಮಾಡಬೇಡಿ, ಜಿಪಾರ್ಟೆಡ್‌ನಂಥ ಸಾಧನದಿಂದ ಅದನ್ನು ಕೊನೆಗೆ ಸರಿಸಿ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಭದ್ರತಾ ಅಪ್‌ಡೇಟ್ ಒಂದು ಬಹಳ ಯಂತ್ರಗಳಲ್ಲಿ ವಿಫಲವಾದದ್ದು ರಿಕವರಿ ಪಾರ್ಟಿಷನ್‌ನಲ್ಲಿ ಅದಕ್ಕೆ ಬೇಕಾದ 250 ಎಂಬಿ ಖಾಲಿ ಜಾಗ ಇಲ್ಲದ್ದರಿಂದ. ಅಳಿಸಿಹಾಕಬಹುದಾದ ಕಸವಲ್ಲ ಅದು.

ಕೊನೆಯದಾಗಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಬೂಟ್ ಆಗುವ ಬಗೆ ಬದಲಾದದ್ದು ಕಂಡರೆ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಯಾವ ತಂತ್ರಜ್ಞನೂ ಡಿಸ್ಕನ್ನು ತೆರೆಯಲಾರ. ಕ್ಲೋನ್‌ಗೆ ಕೈಹಾಕುವ ಮುನ್ನ ಆ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಆಮೇಲೆ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ.

ಮಾಡುವ ಕ್ರಮ

ಮೊದಲ ಕೆಲಸ ಕ್ಲೋನ್ ಅಲ್ಲ, ಬ್ಯಾಕಪ್. ನಿಮಗೆ ಬೇಕೇ ಬೇಕಾದ ಕಡತಗಳನ್ನು ಮೂರನೆಯ ಡಿಸ್ಕೊಂದಕ್ಕೆ ಸಾಮಾನ್ಯ ರೀತಿಯಲ್ಲಿ ನಕಲು ಮಾಡಿ ಬದಿಗಿಡಿ. ಕ್ಲೋನ್ ಮಾಡುವಾಗ ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಡಿಸ್ಕ್ 0, ಡಿಸ್ಕ್ 1 ಎಂಬ ಸಂಖ್ಯೆಗಳನ್ನು ನಂಬಬೇಡಿ, ಅವು ಬದಲಾಗುತ್ತವೆ. ಕಂಪನಿ, ಮಾದರಿ, ಅಳತೆ ಮೂರನ್ನೂ ಓದಿ ಖಾತ್ರಿಮಾಡಿಕೊಂಡು ಮುಂದುವರಿಯಿರಿ.

ಹಳೆಯ ಡಿಸ್ಕಿನ ಆರೋಗ್ಯ ನೋಡಿ. ಓದಲಾಗದ ಸೆಕ್ಟರ್‌ಗಳಿದ್ದರೆ ಸಾಮಾನ್ಯ ಕ್ಲೋನ್ ತಂತ್ರಾಂಶ ನಡುವೆ ನಿಲ್ಲಬಹುದು, ಮತ್ತೆ ಮತ್ತೆ ಓದಲು ಹೋಗಿ ಡಿಸ್ಕನ್ನು ಇನ್ನಷ್ಟು ದಣಿಸಲೂಬಹುದು. ಅಂಥಲ್ಲಿ ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಒಳ್ಳೆಯದು. ಚೆನ್ನಾಗಿರುವ ಭಾಗಗಳನ್ನೆಲ್ಲ ಅದು ಮೊದಲು ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗಗಳಿಗೆ ಕೊನೆಗೆ ಮರಳುತ್ತದೆ.

ಆರೋಗ್ಯವಂತ ಡಿಸ್ಕಿಗೆ ಕ್ಲೋನ್‌ಜಿಲ್ಲಾ ನನ್ನ ಮೊದಲ ಶಿಫಾರಸು. ತೈವಾನಿನ ರಾಷ್ಟ್ರೀಯ ಹೈ ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಕೇಂದ್ರದಲ್ಲಿ ರೂಪುಗೊಂಡ ಮುಕ್ತ ತಂತ್ರಾಂಶವಿದು. ಪೆನ್ ಡ್ರೈವಿನಿಂದ ಬೂಟ್ ಮಾಡಿ ಬಳಸುವುದರಿಂದ ನಕಲಿನ ಹೊತ್ತಿಗೆ ಡಿಸ್ಕಿನಲ್ಲಿರುವ ವಿಂಡೋಸ್ ಮಲಗಿರುತ್ತದೆ, ಕಡತಗಳು ನಡುವೆ ಬದಲಾಗುವುದಿಲ್ಲ. ಡಿಸ್ಕ್ ನಕಲು ಎಂದು ಆರಿಸಿದರೆ ಪಾರ್ಟಿಷನ್ ಪಟ್ಟಿ, ಬೂಟ್ ಪಾರ್ಟಿಷನ್, ರಿಕವರಿ ಎಲ್ಲವೂ ಸಾಲಾಗಿ ಹೋಗುತ್ತವೆ, ಬಳಕೆಯಲ್ಲಿರುವ ಜಾಗವನ್ನಷ್ಟೇ ಎತ್ತಿಕೊಳ್ಳುವುದರಿಂದ ಸಮಯವೂ ಉಳಿಯುತ್ತದೆ. ಆದರೆ ಗುರಿ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು ಎಂಬುದು ಅದರ ಸಾಮಾನ್ಯ ನಿಯಮ. ಇದು ಕಷ್ಟವೆನಿಸಿದವರಿಗೆ ಎಸ್‌ಎಸ್‌ಡಿ ತಯಾರಕರಲ್ಲಿ ಹಲವರು ತಮ್ಮದೇ ಕ್ಲೋನ್ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತಾರೆ. ಅದನ್ನು ಬಳಸಿದರೂ ‘ಮುಂದೆ’ ಗುಂಡಿ ಒತ್ತುವ ಮೊದಲು ಪರದೆಯ ಮೇಲೆ ಎಲ್ಲ ಪಾರ್ಟಿಷನ್‌ಗಳ ಮುಂದೆಯೂ ಗುರುತು ಬಿದ್ದಿದೆಯೇ ಎಂದು ಎಣಿಸಿ ನೋಡಿ.

ಕೆಲಸದ ನಡುವೆ ಕರೆಂಟ್ ಹೋಗದಂತೆ ನೋಡಿಕೊಳ್ಳಿ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ, ಡೆಸ್ಕ್‌ಟಾಪ್ ಯುಪಿಎಸ್‌ಗೆ ಜೋಡಿಸಿರಲಿ. ಮುಗಿದ ಮೇಲೆ ಹಳೆಯದನ್ನು ಕಳಚಿ ಹೊಸ ಡಿಸ್ಕ್ ಒಂದರಿಂದಲೇ ಬೂಟ್ ಮಾಡಿ. ಎರಡು ಸಲ ಆರಿಸಿ ಹಚ್ಚಿ, ಕಡತಗಳನ್ನು ತೆರೆದು ನೋಡಿ, ಒಂದು ವಾರ ಬಳಸಿ. ಅಲ್ಲಿಯವರೆಗೆ ಹಳೆಯ ಡಿಸ್ಕನ್ನು ಅಳಿಸಬೇಡಿ, ಅಂಗಡಿಗೆ ಬಿಟ್ಟು ಬರಲೂ ಬೇಡಿ. ಬೂಟ್ ಆಗಿ ತೋರಿಸದ ಕ್ಲೋನ್ ಇನ್ನೂ ಕ್ಲೋನ್ ಆಗಿಲ್ಲ.

ಇದರ ಜೊತೆ ಇನ್ನೊಂದು ಅಭ್ಯಾಸ ಒಳ್ಳೆಯದು. ಡಿಸ್ಕಿನ ಬದಲು ಇಮೇಜ್ ಕಡತವಾಗಿಯೂ ಎಲ್ಲವನ್ನೂ ಉಳಿಸಿಡಬಹುದು. ಕ್ಲೋನ್‌ಜಿಲ್ಲಾ ಅದನ್ನೂ ಮಾಡುತ್ತದೆ. ಬೂಟ್ ಪಾರ್ಟಿಷನ್ ಒಂದರದ್ದೇ ಇಮೇಜ್ ಆದರೆ ಹಳೆಯ ಪೆನ್ ಡ್ರೈವಿನ ಮೂಲೆಯಲ್ಲಿ ಹಿಡಿಯುತ್ತದೆ. ಆದರೆ ಅದನ್ನು ವರ್ಷಗಟ್ಟಲೆ ಹಾಗೇ ಇಡುವಂತಿಲ್ಲ. 2023ರಲ್ಲಿ ಬ್ಲ್ಯಾಕ್‌ಲೋಟಸ್ ಎಂಬ ದುಷ್ಟ ತಂತ್ರಾಂಶ ಸೆಕ್ಯೂರ್ ಬೂಟ್ ಎಂಬ ಕಾವಲನ್ನೇ ದಾಟುತ್ತದೆಂದು ಬೆಳಕಿಗೆ ಬಂದ ಮೇಲೆ ಮೈಕ್ರೋಸಾಫ್ಟ್ ಹಳೆಯ ಬೂಟ್ ಮ್ಯಾನೇಜರ್‌ಗಳನ್ನು ಹಂತಹಂತವಾಗಿ ಅಮಾನ್ಯ ಮಾಡುವ ದಾರಿ ಹಿಡಿದಿದೆ. ಆ ಬದಲಾವಣೆ ಜಾರಿಯಾದ ಯಂತ್ರದಲ್ಲಿ ಹಳೆಯ ಇಮೇಜಿನಿಂದ ಮರಳಿ ತಂದ ಬೂಟ್ ಪಾರ್ಟಿಷನ್ ಓಡುವುದಿಲ್ಲ. ದೊಡ್ಡ ಅಪ್‌ಡೇಟ್ ಬಂದಾಗೆಲ್ಲ ಹೊಸ ಇಮೇಜ್ ತೆಗೆದಿಡಿ.

ಆಗಲೇ ಎಡವಿದ್ದರೆ

ಹಳೆಯ ಡಿಸ್ಕ್ ಇನ್ನೂ ಕೈಯಲ್ಲಿದ್ದರೆ ಎಲ್ಲಕ್ಕಿಂತ ಸುಲಭದ ದಾರಿ ಇಡೀ ಡಿಸ್ಕನ್ನು ಮತ್ತೊಮ್ಮೆ ಸರಿಯಾಗಿ ಕ್ಲೋನ್ ಮಾಡುವುದು. ಅದು ಇಲ್ಲದಿದ್ದರೂ ಗಾಬರಿ ಬೇಡ. ಬೂಟ್ ಪಾರ್ಟಿಷನ್ನಿಗೆ ಬೇಕಾದ ಕಡತಗಳ ಮೂಲ ಪ್ರತಿ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗೇ ಇದೆ. ಬೇರೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಕನಿಷ್ಠ 8 ಜಿಬಿಯ ಪೆನ್ ಡ್ರೈವಿಗೆ ವಿಂಡೋಸ್ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ಅದರಿಂದ ಬೂಟ್ ಮಾಡಿ ಮೊದಲು ‘ಸ್ಟಾರ್ಟಪ್ ರಿಪೇರ್’ ಓಡಿಸಿ. ಸಣ್ಣ ತಪ್ಪಾಗಿದ್ದರೆ ಅಲ್ಲೇ ಸರಿಹೋಗುತ್ತದೆ.

ಹೋಗದಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು ಡಿಸ್ಕ್‌ಪಾರ್ಟ್ ಎಂಬ ಸಾಧನದಿಂದ ಸಿ ಡ್ರೈವನ್ನು ಕೆಲವು ನೂರು ಎಂಬಿ ಕುಗ್ಗಿಸಿ, ಆ ಜಾಗದಲ್ಲಿ ಇಎಫ್‌ಐ ಪಾರ್ಟಿಷನ್ ಮಾಡಿ, ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಬೇಕು. ಬಳಿಕ ಬಿಸಿಡಿಬೂಟ್ ಎಂಬ ಆಜ್ಞೆಗೆ ವಿಂಡೋಸ್ ಫೋಲ್ಡರ್ ಯಾವುದು, ಬೂಟ್ ಪಾರ್ಟಿಷನ್ ಯಾವುದು ಎಂದು ತಿಳಿಸಿದರೆ ಬೂಟ್ ಕಡತಗಳನ್ನೂ ಬಿಸಿಡಿಯನ್ನೂ ಅದು ಹೊಸದಾಗಿ ಬರೆಯುತ್ತದೆ. ಹಳೆಯ ಎಂಬಿಆರ್ ಯಂತ್ರಗಳಿಗೆ ಬೂಟ್‌ರೆಕ್ ಎಂಬ ಸಾಧನವಿದೆ. ಕಮಾಂಡ್ ಪ್ರಾಂಪ್ಟ್ ಬಳಸಿ ರೂಢಿಯಿಲ್ಲದವರು ಇದನ್ನು ಬಲ್ಲವರ ಕೈಯಲ್ಲಿ ಮಾಡಿಸುವುದು ಮೇಲು. ‘ಎಲ್ಲ ಅಳಿಸಿ ವಿಂಡೋಸ್ ಮತ್ತೆ ಹಾಕಬೇಕು’ ಎಂದು ಅಂಗಡಿಯವರು ಹೇಳಿದರೆ ಬೂಟ್ ಪಾರ್ಟಿಷನ್ನನ್ನಷ್ಟೇ ಮರಳಿ ಕಟ್ಟಲಾಗುವುದೇ ಎಂದು ಒಮ್ಮೆ ಕೇಳಿ.

ಲಿನಕ್ಸ್ ಬಳಸುವವರಿಗೂ ಇದೇ ಪಾಠ ಬೇರೆ ರೂಪದಲ್ಲಿದೆ. ಉಬುಂಟು ಮತ್ತು ವಿಂಡೋಸ್ ಎರಡೂ ಇರುವ ಡಿಸ್ಕಿನಲ್ಲಿ ಎರಡರ ಬೂಟ್ ಕಡತಗಳೂ ಒಂದೇ ಇಎಫ್‌ಐ ಪಾರ್ಟಿಷನ್‌ನಲ್ಲಿ ಬೇರೆ ಬೇರೆ ಫೋಲ್ಡರುಗಳಲ್ಲಿರುತ್ತವೆ. ಯಾವ ಪಾರ್ಟಿಷನ್ ಎಲ್ಲಿ ಜೋಡಣೆಯಾಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತ ಅವುಗಳನ್ನು ಯುಯುಐಡಿ ಎಂಬ ಗುರುತಿನಿಂದ ಕರೆಯುತ್ತದೆ. ಕಡತಗಳನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡಿಸ್ಕಿಗೆ ಸಾಗಿಸಿದ್ದರೆ ಗುರುತುಗಳು ಬದಲಾಗಿರುತ್ತವೆ, ಎಫ್‌ಎಸ್‌ಟ್ಯಾಬ್ ತಿದ್ದಿ ಗ್ರಬ್ಬನ್ನು ಮತ್ತೆ ಹಾಕಬೇಕು. ಆಪಲ್ ತನ್ನದೇ ಚಿಪ್ ಇರುವ ಮ್ಯಾಕ್‌ಗಳನ್ನು 2020ರಲ್ಲಿ ತಂದ ಮೇಲೆ ಅಲ್ಲಿನ ಕಥೆಯೇ ಬೇರೆ. ಆ ಯಂತ್ರಗಳ ಒಳಗಿನ ಸಂಗ್ರಹ ಸತ್ತರೆ ಹೊರಗಿನ ಡಿಸ್ಕಿನಿಂದಲೂ ಬೂಟ್ ಆಗುವುದಿಲ್ಲ. ಮ್ಯಾಕ್ ಬಳಕೆದಾರರು ಕ್ಲೋನ್ ನೆಚ್ಚುವುದಕ್ಕಿಂತ ಟೈಮ್ ಮಷೀನ್ ಬ್ಯಾಕಪ್ ನೆಚ್ಚುವುದೇ ಸರಿ.

ಯಾರು ಇದನ್ನು ಇವತ್ತೇ ಮಾಡಬೇಕು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಯುಇಎಫ್‌ಐ ಬೇಕೇ ಬೇಕು. ಯಂತ್ರದಲ್ಲಿ ಯುಇಎಫ್‌ಐ ಇದ್ದೂ ಡಿಸ್ಕ್ ಮಾತ್ರ ಎಂಬಿಆರ್ ರೂಪದಲ್ಲಿದ್ದರೆ ಅದನ್ನು ಜಿಪಿಟಿಗೆ ಬದಲಿಸುವ ಸಾಧನ ವಿಂಡೋಸ್‌ನಲ್ಲೇ 2017ರಿಂದ ಇದೆ. ಆದರೆ ಆ ಬದಲಾವಣೆ ನಡೆಯುವುದೂ ಇದೇ ಬೂಟ್ ಪಾರ್ಟಿಷನ್ನಿನ ಸುತ್ತ, ಹಾಗಾಗಿ ಅದಕ್ಕೆ ಮೊದಲು ಇಡೀ ಡಿಸ್ಕಿನ ನಕಲು ಕೈಯಲ್ಲಿರಲೇಬೇಕು.

ಅದಕ್ಕಿಂತ ತುರ್ತು ನಮ್ಮ ಡಿಟಿಪಿ ಕೇಂದ್ರಗಳದು, ಸಣ್ಣ ಪ್ರೆಸ್ಸುಗಳದು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಅದರೊಳಗೆ ಪುಟ ಕಟ್ಟಿದ ಪುಸ್ತಕಗಳು, ಸ್ಮರಣಸಂಚಿಕೆಗಳು, ಊರಿನ ಪತ್ರಿಕೆಗಳ ಹಳೆಯ ಸಂಚಿಕೆಗಳು ಇನ್ನೂ ಯುನಿಕೋಡಿಗೆ ಬಾರದೆ ಅಲ್ಲಿನ ಹಳೆಯ ಯಂತ್ರಗಳಲ್ಲೇ ಇವೆ. ತಂತ್ರಾಂಶದ ಸಿಡಿ ಎಲ್ಲಿದೆಯೋ ಗೊತ್ತಿಲ್ಲ, ಹೊಸ ವಿಂಡೋಸ್‌ನಲ್ಲಿ ಅದು ಓಡುವ ಭರವಸೆಯಿಲ್ಲ. ಅಂಥ ಯಂತ್ರದ ಕಡತಗಳನ್ನು ಮಾತ್ರ ಪೆನ್ ಡ್ರೈವಿಗೆ ಹಾಕಿಕೊಂಡರೆ ಅವನ್ನು ತೆರೆದು ಓದುವ ಶಕ್ತಿ ಉಳಿಯುವುದಿಲ್ಲ. ಉಳಿಸಬೇಕಾದದ್ದು ಇಡೀ ಡಿಸ್ಕನ್ನು, ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ. ಆ ಕಾಲದ ಹಾರ್ಡ್ ಡಿಸ್ಕುಗಳು 40, 80 ಜಿಬಿಯವು, ಅವುಗಳ ಪೂರ್ತಿ ಇಮೇಜ್ ಇಂದಿನ ಯಾವ ಡಿಸ್ಕಿಗೂ ಭಾರವಲ್ಲ. ಆ ಡಿಸ್ಕುಗಳು ಇನ್ನೆಷ್ಟು ಮಳೆಗಾಲ ತಿರುಗುತ್ತವೆ ಎಂದು ಯಾರೂ ಹೇಳಲಾರರು.

ಪ್ರೆಸ್ಸಿನವರಿಗೆ, ಡಿಟಿಪಿ ಕೇಂದ್ರದವರಿಗೆ, ಸಂಘಸಂಸ್ಥೆಗಳ ಕಚೇರಿಗಳಲ್ಲಿ ಹಳೆಯ ಯಂತ್ರವನ್ನು ಜತನದಿಂದ ಕಾಯುತ್ತಿರುವವರಿಗೆ ನನ್ನ ಕೋರಿಕೆ ಇಷ್ಟೆ. ಯಂತ್ರ ಇನ್ನೂ ಬೂಟ್ ಆಗುತ್ತಿರುವಾಗಲೇ, ಈ ತಿಂಗಳೊಳಗೆ, ಅದರ ಇಡೀ ಡಿಸ್ಕಿನ ಒಂದು ನಕಲು ಮಾಡಿಸಿ. ಆ ನಕಲಿನಿಂದ ಯಂತ್ರ ಮೇಲೇಳುವುದನ್ನು ಕಣ್ಣಾರೆ ನೋಡಿ. ನೋಡಿದ ಮೇಲಷ್ಟೇ ಕೆಲಸದವರಿಗೆ ಹಣ ಕೊಡಿ.